ಅಲೆಗೆ ಎಣ್ಣೆ, ಕೂದಲಿಗೆ ನೀರು

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ ಎಂದು ಹವಾಮಾನ ಕಚೇರಿ ಸಾರಿದೆ. ಕಲ್ಕತ್ತೆಯ ಜನ ಉಸಿರು ಬಿಗಿಹಿಡಿದು ಕಾದಿದ್ದಾರೆ. ಬಿರುಗಾಳಿ ಬರಲೇ ಇಲ್ಲ. ಎಲ್ಲಿ ಹೋಯಿತೆಂದು ಯಾವ ಪಂಡಿತರಿಗೂ ತಿಳಿಯಲಿಲ್ಲ. ಗೊತ್ತಿದ್ದವನು ಒಬ್ಬನೇ, ಸಿಂಹಳಕ್ಕೆ ಹೊರಟ ಹಡಗಿನ ಪ್ರಯಾಣಿಕ. ಜ್ವರದಿಂದ ಎದ್ದು ಕೂದಲು ಉದುರಿಸಿಕೊಂಡಿದ್ದ ಅವನಿಗೆ ಮಗಳು ಒಂದು ಸೀಸೆ ತಲೆಗೆಣ್ಣೆ ಕೊಟ್ಟು ಕಳಿಸಿದ್ದಳು. ಹಡಗು ಮುಳುಗುವ ಹೊತ್ತಿಗೆ ಅದು ನೆನಪಾಗಿ ಎಣ್ಣೆಯನ್ನು ಉಕ್ಕುವ ಅಲೆಗಳ ಮೇಲೆ ಸುರಿದ. ಕಡಲು ಶಾಂತವಾಯಿತು.

ಇದು ಜಗದೀಶಚಂದ್ರ ಬೋಸರು 1896ರಲ್ಲಿ ಬರೆದ ಕತೆ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತ, ಕಣ್ಣಿಗೆ ಕಾಣದ ವಿದ್ಯುತ್ಕಾಂತೀಯ ಅಲೆಗಳ ಬೆನ್ನು ಹತ್ತಿದ್ದ ಕಾಲವದು. ಅದೇ ಊರಿನ ಉದ್ಯಮಿ ಹೇಮೇಂದ್ರಮೋಹನ್ ಬೋಸ್ ತಮ್ಮ ‘ಕುಂತಲೀನ್’ ಎಂಬ ಕೇಶತೈಲದ ಹೆಸರಿನಲ್ಲಿ ಕಥಾ ಸ್ಪರ್ಧೆ ಆರಂಭಿಸಿದ್ದರು. ಕತೆಯಲ್ಲಿ ಎಣ್ಣೆಯ ಸುಳಿವಿರಬೇಕು, ಆದರೆ ಓದುಗರಿಗೆ ಜಾಹೀರಾತು ಅನ್ನಿಸಬಾರದು ಎಂಬುದು ಷರತ್ತು. ವಿಜ್ಞಾನಿಯ ಕತೆಗೆ ಬಹುಮಾನ ಬಂತು. ಬಂಗಾಳಿಯ ಮೊದಮೊದಲ ವೈಜ್ಞಾನಿಕ ಕತೆಗಳಲ್ಲಿ ಅದೂ ಒಂದು. ಮುಂದೆ ಅವರೇ ಅದನ್ನು ತಿದ್ದಿ ‘ಪಲಾತಕ ತೂಫಾನ್’ ಎಂಬ ಹೆಸರಿನಲ್ಲಿ 1921ರ ‘ಅವ್ಯಕ್ತ’ ಸಂಕಲನಕ್ಕೆ ಸೇರಿಸಿದರು. ಕಾದಂಬರಿಕಾರ ಶರತ್‌ಚಂದ್ರರ ‘ಮಂದಿರ’ ಕತೆ ಬೆಳಕಿಗೆ ಬಂದದ್ದೂ 1903ರಲ್ಲಿ ಇದೇ ಬಹುಮಾನದಿಂದ.

ಧಾರವಾಡದಿಂದ ಬಂದು ಈ ಕಲ್ಕತ್ತೆಯಲ್ಲಿ ಹನ್ನೊಂದು ಮಳೆಗಾಲ ಕಳೆದ ನನಗೆ ಆ ಕತೆ ತಲೆಗೂದಲಿನ ಕತೆಯಾಗಿಯೇ ಕಾಣುತ್ತದೆ. ಕುಂತಲ ಎಂದರೆ ಕೂದಲು. ನಮ್ಮ ಬನವಾಸಿ ಸೀಮೆಗೂ ಹಿಂದೆ ಕುಂತಲ ದೇಶವೆಂಬ ಹೆಸರಿತ್ತು. ಆ ನಾಡನ್ನು ಭೂದೇವಿಯ ಕುರುಳಿಗೆ ಹೋಲಿಸಿ ಶಾಸನಕವಿಗಳು ಹಿಗ್ಗಿದ್ದಾರೆ. ಕುರುಳನ್ನು ನಾಡಿನ ಹೆಮ್ಮೆಯಾಗಿ ಕಂಡ ಆ ಸೀಮೆಯಲ್ಲೇ ನನ್ನ ಅಜ್ಜಿ ಪ್ರತಿ ಮುಂಜಾನೆ ಕರೆಯುತ್ತಿದ್ದಳು: “ತಲಿ ಅನ್ನೂದು ಗುಬ್ಬಿ ಗೂಡಾಗೇದಲ್ಲವಾ, ಬಾ ಇಲ್ಲೆ ಕೂಡು.” ಒಂದು ಬಟ್ಟಲು ಎಣ್ಣೆ, ಸಣ್ಣ ಹಲ್ಲಿನ ಹಣಿಗೆ, ಹುಬ್ಬು ಮೇಲೇರುವಷ್ಟು ಬಿಗಿಯಾದ ಎರಡು ಜಡೆ. ಅಲೆ ಕಾಣಿಸದಂತೆ ಅಡಗಿಸುವುದೇ ಆರೈಕೆ ಎಂದು ನಾನೂ ನಂಬಿದ್ದೆ.

ಆ ನಂಬಿಕೆ ಬಿಟ್ಟಮೇಲೆಯೇ ನನ್ನ ಕೂದಲು ಸುಧಾರಿಸಿತು. ಅಲೆಗೂದಲು ಕೆಟ್ಟುಹೋದ ನೇರ ಕೂದಲಲ್ಲ. ಅದಕ್ಕೆ ತನ್ನದೇ ಕಟ್ಟಡವಿದೆ. ಆ ಕಟ್ಟಡವನ್ನು ಗಾಳಿಯ ತೇವ ಮತ್ತು ನಲ್ಲಿಯ ನೀರು ದಿನದಿನವೂ ಬಿಚ್ಚಿ ಕಟ್ಟುತ್ತವೆ. ಇಷ್ಟು ತಿಳಿದರೆ ಮುಂದಿನ ಕೆಲಸಕ್ಕೆ ಅಡುಗೆಮನೆಯ ಸಾಮಾನೇ ಸಾಕು.

ತೇವ ಅಳೆಯುವ ಕೂದಲು

1783ರಲ್ಲಿ ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಗಾಳಿಯ ತೇವಾಂಶ ಅಳೆಯುವ ಯಂತ್ರವೊಂದನ್ನು ವಿವರಿಸಿ ಪುಸ್ತಕ ಬರೆದರು. ಆ ಯಂತ್ರದ ಜೀವಾಳ ಮನುಷ್ಯರ ಒಂದು ತಲೆಗೂದಲು. ಗಾಳಿ ಒಣಗಿದ್ದಾಗ ಕೂದಲು ಕುಗ್ಗುತ್ತದೆ, ತೇವವಾದಾಗ ಹಿಗ್ಗುತ್ತದೆ, ಅದಕ್ಕೆ ಕಟ್ಟಿದ ಮುಳ್ಳು ಸರಿಯುತ್ತದೆ. ಪೂರ್ತಿ ಒಣ ಸ್ಥಿತಿಯಿಂದ ಪೂರ್ತಿ ತೇವದ ಸ್ಥಿತಿಗೆ ಬರುವಷ್ಟರಲ್ಲಿ ಕೂದಲಿನ ಉದ್ದ ಸುಮಾರು ಶೇ 2ರಷ್ಟು ಹೆಚ್ಚುತ್ತದೆ. ದಪ್ಪ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಹಿಗ್ಗುತ್ತದೆ. ಯಂತ್ರಕ್ಕೆ ಕಟ್ಟುವ ಮೊದಲು ಸೊಸ್ಯೂರ್ ಕೂದಲನ್ನು ಸೋಡಾ ನೀರಿನಲ್ಲಿ ಕುದಿಸಿ ಅದರ ಜಿಡ್ಡನ್ನೆಲ್ಲ ತೆಗೆಯುತ್ತಿದ್ದರು. ಜಿಡ್ಡು ಕಳೆದುಕೊಂಡ ಕೂದಲು ತೇವಕ್ಕೆ ಬೇಗ ಸ್ಪಂದಿಸುತ್ತದೆ ಎಂಬ ಆ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೂದಲಿನ ತೇವಮಾಪಕ ಹವಾಮಾನ ಕೇಂದ್ರಗಳಲ್ಲಿ ಬಹುಕಾಲ ದುಡಿಯಿತು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದೂ ಇದೇ ಕಲ್ಕತ್ತೆಯಲ್ಲಿ, 1875ರಲ್ಲಿ. 1864ರ ಅಕ್ಟೋಬರ್ 5ರ ಚಂಡಮಾರುತ ಈ ಊರನ್ನು ಮುರಿದು ಹಾಕಿದ್ದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಜಗದೀಶಚಂದ್ರರ ಕತೆಯ ಹಿಂದೆ ಇದ್ದದ್ದೂ ಆ ಭಯದ ನೆನಪೇ ಇರಬೇಕು.

ಕೂದಲು ಹಿಗ್ಗುವುದೇಕೆ? ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳಿಂದಾದದ್ದು. ಎಳೆಗಳನ್ನು ಮುಖ್ಯವಾಗಿ ಎರಡು ಬಗೆಯ ಬೆಸುಗೆ ಹಿಡಿದಿಡುತ್ತದೆ. ಗಂಧಕದ ಬೆಸುಗೆ ಗಟ್ಟಿ. ರಾಸಾಯನಿಕ ಹಾಕದೆ ಬಿಚ್ಚುವುದಿಲ್ಲ. ಜಲಜನಕದ ಬೆಸುಗೆ ಸಡಿಲು. ನೀರು ತಾಗಿದರೆ ಬಿಚ್ಚುತ್ತದೆ, ಒಣಗಿದಾಗ ಆಗ ಇದ್ದ ಆಕಾರದಲ್ಲೇ ಮತ್ತೆ ಕೂಡುತ್ತದೆ. ರಾತ್ರಿ ಹಸಿ ಕೂದಲನ್ನು ಜಡೆ ಹೆಣೆದು ಮಲಗಿದರೆ ಬೆಳಿಗ್ಗೆ ಅಲೆ ಮೂಡಿರುವುದಕ್ಕೂ, ಮಂಜಿನಲ್ಲಿ ಒಂದು ಸುತ್ತು ಹಾಕಿದರೆ ಅದು ಕಳೆದುಹೋಗುವುದಕ್ಕೂ ಈ ಸಡಿಲ ಬೆಸುಗೆಯೇ ಕಾರಣ.

ಹುಟ್ಟು ಅಲೆ ಬರುವುದು ಇನ್ನೂ ಆಳದಿಂದ. ನೆತ್ತಿಯ ಚರ್ಮದೊಳಗಿನ ಕೂದಲ ಬುಡ ನೆಟ್ಟಗಿದ್ದರೆ ಕೂದಲು ನೇರ, ಬಾಗಿದ್ದರೆ ಅಲೆ ಅಥವಾ ಗುಂಗುರು. ಬಾಗಿದ ಕೂದಲನ್ನು ಅಡ್ಡ ಕೊಯ್ದು ನೋಡಿದರೆ ಪೂರ್ತಿ ದುಂಡಗಿರದೆ ಮೊಟ್ಟೆಯಂತೆ ಕಾಣುತ್ತದೆ. ಹೊರಬಾಗಿನ ಬದಿಯ ಕೋಶಗಳ ಜೋಡಣೆಯೂ ಒಳಬಾಗಿನ ಬದಿಯದೂ ಒಂದೇ ತೆರನಲ್ಲ. ಮೇಲೆ ಹೆಂಚು ಹೊದಿಸಿದಂತೆ ತೆಳು ಹುರುಪೆಗಳ ಪದರವಿದೆ. ಬಾಗಿದಲ್ಲೆಲ್ಲ ಆ ಹೆಂಚು ಸ್ವಲ್ಪ ಎದ್ದಿರುತ್ತದೆ. ಅಲ್ಲಿಂದ ತೇವ ಸುಲಭವಾಗಿ ನುಗ್ಗುತ್ತದೆ, ಅಷ್ಟೇ ಸುಲಭವಾಗಿ ಹೊರಟೂ ಹೋಗುತ್ತದೆ. ನೆತ್ತಿಯ ಸಹಜ ಜಿಡ್ಡು ನೇರ ಕೂದಲಿನಲ್ಲಿ ಸಲೀಸಾಗಿ ತುದಿಗಿಳಿದರೆ ಅಲೆಗೂದಲಿನಲ್ಲಿ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಹಾಗಾಗಿ ನೆತ್ತಿ ಜಿಡ್ಡು, ತುದಿ ಒಣ. ಜಿಡ್ಡಿಲ್ಲದ ಆ ತುದಿ ಸೊಸ್ಯೂರ್ ಅವರ ಯಂತ್ರದ ಕೂದಲಿನಂತೆ ಗಾಳಿಯ ತೇವಕ್ಕೆಲ್ಲ ಕುಣಿಯುತ್ತದೆ. ಒಂದೊಂದು ಕೂದಲೂ ತನ್ನ ಪಾಡಿಗೆ ಹಿಗ್ಗಿ, ಪಕ್ಕದ ಕೂದಲಿನ ಸಾಲು ಬಿಟ್ಟು ಎದ್ದು ನಿಂತಾಗ ನಾವು ಅದನ್ನು ಕೆದರಿದ ಕೂದಲು ಎನ್ನುತ್ತೇವೆ.

ನಿಮ್ಮದು ಅಲೆಗೂದಲೋ ಅಲ್ಲವೋ ತಿಳಿಯಲು ಸುಲಭ ದಾರಿಯಿದೆ. ತಲೆ ತೊಳೆದು, ಏನೂ ಹಚ್ಚದೆ, ಬಾಚದೆ, ಮುಟ್ಟದೆ ಒಣಗಲು ಬಿಡಿ. ಇಂಗ್ಲಿಷಿನ ಎಸ್ ಅಕ್ಷರದ ಬಳುಕು ಕಂಡರೆ ಅಲೆ, ಸುರುಳಿ ಸುತ್ತಿಕೊಂಡರೆ ಗುಂಗುರು. ಅಮೆರಿಕದ ಕೇಶ ವಿನ್ಯಾಸಕ ಆಂಡ್ರೆ ವಾಕರ್ ಮಾಡಿದ ವಿಂಗಡಣೆಯಲ್ಲಿ ಅಲೆಗೂದಲಿಗೆ ಎರಡನೇ ವರ್ಗ. ಅದರೊಳಗೆ ಸಣ್ಣ ಅಲೆಯ 2ಎ, ಎದ್ದು ಕಾಣುವ 2ಬಿ, ಒರಟಾದ ದಟ್ಟ ಅಲೆಯ 2ಸಿ ಎಂದು ಮೂರು ಬಗೆ. ಒಂದೇ ತಲೆಯಲ್ಲಿ ಎರಡು ಬಗೆ ಇರುವುದೂ ಉಂಟು. ಜೀವನಪೂರ್ತಿ ‘ಹಣಿಗೆಗೆ ಬಗ್ಗದ ಕೂದಲು’ ಎಂದು ಬೈಸಿಕೊಂಡವರಲ್ಲಿ ಎಷ್ಟೋ ಮಂದಿಯದು ಆರೈಕೆ ಸಿಗದ ಅಲೆಗೂದಲು.

ನಲ್ಲಿಯ ನೀರು

ಕೂದಲಿಗೆ ಯಾವ ಶಾಂಪೂ ಎಂದು ಕೇಳುವ ಮೊದಲು ಯಾವ ನೀರು ಎಂದು ಕೇಳಬೇಕು. ಕೋಲ್ಕತ್ತದ ಉತ್ತರ ಭಾಗಕ್ಕೆ ಪಲ್ತಾದಲ್ಲಿ ಶುದ್ಧೀಕರಿಸಿದ ಹೂಗ್ಲಿ ನದಿಯ ನೀರು ಬರುತ್ತದೆ. ಕಬ್ಬಿಣದ ಕಂಬಗಳ ಮೇಲೆ 110 ಅಡಿ ಎತ್ತರದಲ್ಲಿ ನಿಂತಿರುವ ಟಾಲಾ ಟ್ಯಾಂಕ್ ಆ ನೀರನ್ನು ಹಂಚುತ್ತದೆ. 1909ರಲ್ಲಿ ಕಟ್ಟಲು ಶುರುಮಾಡಿದ ಈ ತೊಟ್ಟಿಗೆ 90 ಲಕ್ಷ ಗ್ಯಾಲನ್ ಹಿಡಿಯುವ ಶಕ್ತಿ. ಊರಿನ ಅಂಚಿನ ಬಡಾವಣೆಗಳಲ್ಲಿ, ಹೊಸ ಅಪಾರ್ಟ್‌ಮೆಂಟುಗಳಲ್ಲಿ ಕೊಳವೆ ಬಾವಿಯ ನೀರೂ ಬಳಕೆಯಲ್ಲಿದೆ. ಅದು ಗಡಸು, ಕಬ್ಬಿಣದಂಶ ಹೆಚ್ಚಿದ್ದ ಕಡೆ ಬಕೆಟ್ಟಿನ ತಳದಲ್ಲಿ ಕೆಂಪು ಕಲೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಕಾವೇರಿ ನೀರಿನ ಮನೆಯಿಂದ ಬೋರ್‌ವೆಲ್ ನೀರಿನ ಮನೆಗೆ ಹೋದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ.

ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕೂದಲಿನ ಮೇಲೆ ಕೂತು ಹುರುಪೆಗಳನ್ನು ಒರಟು ಮಾಡುತ್ತವೆ. ಅಲೆ ಜೋತುಬಿದ್ದು ಕೂದಲು ಹಗ್ಗದಂತಾಗುತ್ತದೆ. ಸಾಬೂನು ಹಚ್ಚಿದರಂತೂ ಲವಣದ ಜತೆ ಕೂಡಿ ಅಂಟಾದ ಬಿಳಿ ಮಡ್ಡಿ ಉಳಿಯುತ್ತದೆ. ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಸ್ವಚ್ಛವಾದ ಬಾಟಲಿಯಲ್ಲಿ ಅರ್ಧ ನೀರು ತುಂಬಿ, ತುರಿದ ಸಾಮಾನ್ಯ ಸಾಬೂನನ್ನು ಚಿಟಿಕೆಯಷ್ಟು ಹಾಕಿ ಕುಲುಕಿ. ಬುರುಗು ಬಂದು ನೀರು ತಿಳಿಯಾಗಿದ್ದರೆ ಮೃದು. ಬುರುಗಿಲ್ಲದೆ ಹಾಲಿನಂತೆ ಕದಡಿದರೆ ಗಡಸು.

ಗಡಸಾಗಿದ್ದರೆ ಕೊನೆಯ ಎರಡು ಚೊಂಬು ಮಾತ್ರ ಶುದ್ಧೀಕರಿಸಿದ ಕುಡಿಯುವ ನೀರು ಬಳಸಿ. ಕುದಿಸಿ ಆರಿಸಿದ ನೀರಿನಲ್ಲೂ ಗಡಸುತನದ ಒಂದು ಪಾಲು ಕಡಿಮೆಯಾಗಿರುತ್ತದೆ. ತಿಂಗಳಿಗೊಮ್ಮೆ ಅರ್ಧ ಲೀಟರ್ ನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ ಕೂದಲ ಮೇಲೆ ಸುರಿದು, ಎರಡು ನಿಮಿಷ ಬಿಟ್ಟು ತೊಳೆದರೆ ಕೂತ ಲವಣ ಸ್ವಲ್ಪ ಕರಗುತ್ತದೆ. ನೆತ್ತಿಯಲ್ಲಿ ಗಾಯವಿದ್ದರೆ ಇದು ಬೇಡ. ಮಳೆ ಹಿಡಿದಾಗ ಮೊದಲ ಕೆಲವು ಸುರಿಮಳೆ ಹೋದ ಮೇಲೆ ತಾರಸಿಯಲ್ಲಿ ಹಿಡಿದ ನೀರು ಎಲ್ಲಕ್ಕಿಂತ ಮೃದು.

ಎಣ್ಣೆ ಎಷ್ಟು, ಯಾವಾಗ

ಕಲ್ಕತ್ತೆ ತಲೆಗೆಣ್ಣೆಯ ರಾಜಧಾನಿ. ಸಿ.ಕೆ. ಸೆನ್ ಕಂಪನಿಯ ‘ಜಬಾಕುಸುಮ್’ 1878ರಿಂದ ಬಂಗಾಳಿ ಮನೆಗಳ ಕಪಾಟಿನಲ್ಲಿದೆ. ಜಬಾ ಎಂದರೆ ನಮ್ಮ ದಾಸವಾಳ. ಕಾಳಿಘಾಟಿನಲ್ಲಿ ಕಾಳಿಯ ಕೊರಳಿಗೆ ಬೀಳುವ ಕೆಂಪು ಹೂವು ಅದೇ. ಅದರ ಸೊಪ್ಪನ್ನು ನೀರಿನಲ್ಲಿ ಕಿವುಚಿ ಲೋಳೆ ತೆಗೆದು ತಲೆಗೆ ಹಚ್ಚುವ ಪದ್ಧತಿ ನಮ್ಮ ಮಲೆನಾಡಿನಲ್ಲೂ ಕರಾವಳಿಯಲ್ಲೂ ಇದೆ. ಇಲ್ಲಿ ದಾಸವಾಳ ಎಣ್ಣೆಗೆ ಹೆಸರಾಯಿತು, ಅಲ್ಲಿ ಅದರ ಎಲೆ ಮೀಯುವ ನೀರಿಗಿಳಿಯಿತು.

ಮೈ ಒತ್ತುವ ಕಲೆಯೂ ಈ ಸೀಮೆಯಿಂದ ಕಡಲು ದಾಟಿತು. ಪಟ್ನಾದಲ್ಲಿ 1759ರಲ್ಲಿ ಹುಟ್ಟಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದಲ್ಲಿದ್ದ ಶೇಖ್ ದೀನ್ ಮಹಮ್ಮದ್ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಅಂಗಮರ್ದನದ ಸ್ನಾನಗೃಹ ನಡೆಸಿದ. ಒತ್ತು, ನೀವು ಎಂಬರ್ಥದ ‘ಚಾಂಪೋ’ ಮಾತಿನಿಂದ ಬಂದ ಶಾಂಪೂ ಎಂಬ ಪದವನ್ನು ಅಲ್ಲಿ ಜನಪ್ರಿಯಗೊಳಿಸಿದವನು ಅವನೇ. ಕಲ್ಕತ್ತೆಯ ಕತೆಯಾದ 1957ರ ‘ಪ್ಯಾಸಾ’ ಚಿತ್ರದಲ್ಲಿ ಜಾನಿ ವಾಕರ್ ಎಣ್ಣೆ ಸೀಸೆ ಹಿಡಿದು ತಿರುಗುವ, ತಲೆ ಒತ್ತುವ ಚಂಪಿವಾಲನಾಗಿ ಎಲ್ಲರ ಮನಸ್ಸಿನಲ್ಲಿ ನಿಂತಿದ್ದಾನೆ.

ಅಲೆಗೂದಲಿಗೆ ಎಣ್ಣೆ ಬೇಡವೆಂದಲ್ಲ, ಬೇಕು. ಮುಂಬೈಯ ಮಾರಿಕೊ ಕಂಪನಿಯ ಸಂಶೋಧಕರಾದ ಆರತಿ ರೇಲೆ ಮತ್ತು ಆರ್.ಬಿ. ಮೊಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ ನೋಡಿದರು. ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಸಣ್ಣ, ನೇರ ಅಣು ಕೂದಲೊಳಗೆ ಇಳಿಯಬಲ್ಲದು ಎಂಬುದು ಅವರ ವಿವರಣೆ. ಸಂಶೋಧನೆ ನಡೆಸಿದ್ದು ತೆಂಗಿನೆಣ್ಣೆ ಮಾರುವ ಸಂಸ್ಥೆಯೇ ಎಂಬುದನ್ನೂ ಓದುಗರು ತಿಳಿದಿರಲಿ.

ಎಣ್ಣೆಯ ಲಾಭ ಇರುವುದು ತೊಳೆಯುವ ಮೊದಲು. ಒಳಗಿಳಿದ ಎಣ್ಣೆ ಕೂದಲು ನೀರು ಕುಡಿದು ಉಬ್ಬುವುದನ್ನು ತಡೆಯುತ್ತದೆ. ತಲೆ ತೊಳೆಯಲು ಒಂದೆರಡು ಗಂಟೆ ಇರುವಾಗ, ಭುಜದವರೆಗಿನ ಕೂದಲಿಗೆ ಎರಡು ಚಮಚ ಎಣ್ಣೆ ಸಾಕು. ಕಿವಿಯ ಮಟ್ಟದಿಂದ ಕೆಳಕ್ಕೆ, ತುದಿಗೆ ಹೆಚ್ಚು ಹಚ್ಚಿ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಒಂದಡಿ ಉದ್ದದ ಕೂದಲಿನ ತುದಿ ಎರಡು ವರ್ಷಕ್ಕೂ ಹೆಚ್ಚು ಹಳೆಯದು. ಅಷ್ಟು ಬಿಸಿಲು, ಅಷ್ಟು ಹಣಿಗೆ ಕಂಡ ತುದಿಗೇ ಎಣ್ಣೆ ಸೇರಬೇಕು.

ತೊಳೆದ ಮೇಲೆ ತಲೆ ತುಂಬ ಎಣ್ಣೆ ಮೆತ್ತಿದರೆ ಜಗದೀಶಚಂದ್ರರ ಕಡಲಿಗೆ ಆದದ್ದೇ ಆಗುತ್ತದೆ, ಅಲೆ ಮಲಗುತ್ತದೆ. ಇಲ್ಲಿನ ಸೆಖೆಯಲ್ಲಿ ನೆತ್ತಿಗೆ ಎಣ್ಣೆ ಹಚ್ಚಿ ದಿನಗಟ್ಟಲೆ ಬಿಡುವುದಕ್ಕೆ ಇನ್ನೊಂದು ತೊಂದರೆಯಿದೆ. ತಲೆಹೊಟ್ಟಿಗೆ ಕಾರಣವಾಗುವ ಮಲಸೇಜಿಯ ಎಂಬ ಶಿಲೀಂಧ್ರ ಜಿಡ್ಡನ್ನೇ ತಿಂದು ಬೆಳೆಯುತ್ತದೆ. ಬೆವರು, ಜಿಡ್ಡು, ತೇವ ಮೂರೂ ಸೇರಿದರೆ ಅದಕ್ಕೆ ಹಬ್ಬ. ಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಚ್ಚದಿರುವುದೇ ಒಳ್ಳೆಯದು.

ತಲೆ ತೊಳೆಯುವ ದಿನ

ವಾರಕ್ಕೆ ಎರಡು ಸಲ ಸಾಕು. ಬೆವರು ಹೆಚ್ಚಿದ್ದರೆ ಮೂರು. ಶಾಂಪೂ ನೆತ್ತಿಗೆ ಮಾತ್ರ. ಬೆರಳ ತುದಿಯಿಂದ ನೆತ್ತಿಯನ್ನು ತಿಕ್ಕಿ, ಉಗುರು ತಾಗಿಸಬೇಡಿ. ತೊಳೆಯುವಾಗ ಇಳಿಯುವ ಬುರುಗೇ ಕೂದಲಿನ ಉದ್ದಕ್ಕೆ ಸಾಕಾಗುತ್ತದೆ. ಮೈಸಾಬೂನು ಮಾತ್ರ ಬೇಡ. ಅದರ ಕ್ಷಾರ ಹುರುಪೆಗಳನ್ನು ಎಬ್ಬಿಸುತ್ತದೆ.

ಸೀಗೆಕಾಯಿಯಲ್ಲಿ, ಅಂಟವಾಳದಲ್ಲಿ ಬುರುಗು ಬರಿಸುವ ಸಪೋನಿನ್ ಇದೆ. ಅವು ನಿಜಕ್ಕೂ ಜಿಡ್ಡು ತೆಗೆಯುತ್ತವೆ. ಆದರೆ ಪುಡಿಯನ್ನು ಹಾಗೇ ತಿಕ್ಕಿದರೆ ತರಿ ಅಲೆಯ ತಿರುವುಗಳಲ್ಲಿ ಸಿಕ್ಕಿ ಕೂದಲನ್ನು ಉಜ್ಜುತ್ತದೆ. ಕಾಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿದ ನೀರು ಬಳಸಿ. ಕಣ್ಣಿಗೆ ಬೀಳದಂತೆ ಜೋಪಾನ.

ಆಮೇಲೆ ಕಂಡೀಷನರ್. ಅಲೆಗೂದಲಿಗೆ ಇದು ಶಾಂಪೂವಿಗಿಂತ ಮುಖ್ಯ. ಎದ್ದ ಹುರುಪೆಗಳ ಮೇಲೆ ನುಣುಪು ಪದರ ಕಟ್ಟುವ ಕೆಲಸ ಇದರದು. ಕಿವಿಯಿಂದ ಕೆಳಗೆ ಹಚ್ಚಿ, ಅದು ಕೂದಲಲ್ಲಿ ಇರುವಾಗಲೇ ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗುತ್ತ ಸಿಕ್ಕು ಬಿಡಿಸಿ. ನೇರ ಕೂದಲಿನವರು ಒಣಗಿದ ಮೇಲೆ ಬಾಚುತ್ತಾರೆ, ಅವರಿಗೆ ಅದು ಸರಿ. ಅಲೆಗೂದಲನ್ನು ಒಣಗಿದ ಮೇಲೆ ಬಾಚಿದರೆ ಒಟ್ಟಾಗಿ ಕೂತ ಅಲೆ ಒಡೆದು ಹತ್ತಿಯಂತೆ ಅರಳುತ್ತದೆ. ನನ್ನ ಅಜ್ಜಿಯ ಸಣ್ಣ ಹಣಿಗೆ ನಿತ್ಯ ಮಾಡುತ್ತಿದ್ದದ್ದು ಇದನ್ನೇ. ಗುಬ್ಬಿ ಗೂಡು ಕಟ್ಟುತ್ತಿದ್ದದ್ದು ಕೂದಲಲ್ಲ, ಹಣಿಗೆ.

ಗಮ್ಛಾ ಮತ್ತು ಅಗಸಿ

ಒಣಗಿಸುವ ಘಳಿಗೆಯೇ ನಿರ್ಣಾಯಕ. ಸಡಿಲ ಬೆಸುಗೆಗಳು ಮತ್ತೆ ಕೂಡುವುದು ಆಗಲೇ. ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ಮಿಂದ ಮುಡಿಯನ್ನು ಹಿಂಡಿಕೊಳ್ಳುವ ಮದನಿಕೆಯೊಬ್ಬಳಿದ್ದಾಳೆ. ಅವಳ ನಿಧಾನ ನಮಗೂ ಬೇಕು.

ದಪ್ಪ ಟರ್ಕಿ ಟವೆಲ್ಲಿನ ಕುಣಿಕೆಗಳು ಹುರುಪೆಗಳನ್ನು ಎಳೆಯುತ್ತವೆ. ಬಂಗಾಳದ ಮನೆಮನೆಯಲ್ಲಿ ಸಿಗುವ ಕೆಂಪು ಚೌಕಳಿಯ ಗಮ್ಛಾ ತೆಳುವಾದ ಹತ್ತಿ ಬಟ್ಟೆ. ಅಲೆಗೂದಲಿಗೆ ಅದಕ್ಕಿಂತ ಒಳ್ಳೆಯ ವಸ್ತ್ರ ನಾನು ಕಂಡಿಲ್ಲ. ನಮ್ಮಲ್ಲಿ ಮೆತ್ತಗಾದ ಹಳೆಯ ಪಂಚೆ ಅದೇ ಕೆಲಸಕ್ಕೆ ಬರುತ್ತದೆ. ಆದರೆ ಬಟ್ಟೆಯಿಂದ ಕೂದಲನ್ನು ಪಟಪಟ ಬಡಿದು ನೀರು ಹಾರಿಸುವ ರೂಢಿ ಎರಡೂ ನಾಡಿನಲ್ಲಿದೆ. ಅದನ್ನು ಬಿಡಬೇಕು. ತಲೆ ಬಗ್ಗಿಸಿ, ಕೂದಲನ್ನು ಮುಂದಕ್ಕೆ ಚೆಲ್ಲಿ, ಬಟ್ಟೆಯೊಳಗೆ ತುದಿಯನ್ನು ಹಿಡಿದು ನೆತ್ತಿಯ ಕಡೆಗೆ ಮೆಲ್ಲಗೆ ಅದುಮಿ. ತಿಕ್ಕುವುದು, ತಿರುಚುವುದು ಬೇಡ. ಪ್ರತಿ ಅದುಮಿಗೂ ಅಲೆ ತನ್ನ ತಿರುವನ್ನು ಹುಡುಕಿಕೊಳ್ಳುತ್ತದೆ.

ಇನ್ನು ಅಗಸೆ. ಉತ್ತರ ಕರ್ನಾಟಕದ ಊಟದಲ್ಲಿ ಅಗಸಿ ಚಟ್ನಿ ಇಲ್ಲದ ದಿನವಿಲ್ಲ. ಬಂಗಾಳಿಯಲ್ಲಿ ಇದೇ ಬೀಜಕ್ಕೆ ತಿಸಿ ಎನ್ನುತ್ತಾರೆ. ಬೀಜದ ಸಿಪ್ಪೆಯಲ್ಲಿ ನೀರು ಹಿಡಿಯುವ ಲೋಳೆಯಿದೆ. ಎರಡು ದೊಡ್ಡ ಚಮಚ ಬೀಜವನ್ನು ಎರಡು ಲೋಟ ನೀರಿನಲ್ಲಿ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಿ. ಹತ್ತು ನಿಮಿಷದಲ್ಲಿ ಮೊಟ್ಟೆಯ ಬಿಳಿಯಂತೆ ಎಳೆ ಬರುತ್ತದೆ. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ತಣ್ಣಗಾದರೆ ಬೀಜ ಬಿಟ್ಟು ಬರುವುದಿಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು, ವಾಸನೆ ಬದಲಾದರೆ ಚೆಲ್ಲಿಬಿಡಿ.

ನೀರು ತೊಟ್ಟಿಕ್ಕುವುದು ನಿಂತ ಹಸಿ ಕೂದಲಿಗೆ ಈ ಲೋಳೆಯನ್ನು ಅಂಗೈಯಲ್ಲಿ ಸವರಿ, ಮತ್ತೆ ಅದುಮಿ, ಫ್ಯಾನಿನ ಕೆಳಗೆ ಒಣಗಲು ಬಿಡಿ. ಒಣಗುವವರೆಗೂ ಮುಟ್ಟಬೇಡಿ. ಕೂದಲು ಗಂಜಿ ಹಾಕಿದ ಸೀರೆಯಂತೆ ಬಿರುಸಾಗುತ್ತದೆ, ಹೆದರಬೇಡಿ. ಪೂರ್ತಿ ಒಣಗಿದ ಮೇಲೆ ಅಂಗೈಯಲ್ಲಿ ಎರಡು ತೊಟ್ಟು ಎಣ್ಣೆ ತಿಕ್ಕಿಕೊಂಡು ಅದುಮಿದರೆ ಬಿರುಸು ಮುರಿದು ಮೆದುವಾದ ಅಲೆ ಉಳಿಯುತ್ತದೆ. ಲೋಳೆಯ ತೆಳು ಪದರ ಒಳಗಿನ ತೇವವನ್ನು ಕಾಯುತ್ತದೆ, ಹೊರಗಿನ ತೇವ ನುಗ್ಗುವುದನ್ನು ನಿಧಾನಗೊಳಿಸುತ್ತದೆ.

ಊರಿನ ಋತು, ತಲೆಯ ಋತು

ಇಲ್ಲಿ ಒಂದೇ ಕ್ರಮ ವರ್ಷಪೂರ್ತಿ ನಡೆಯದು. ಏಪ್ರಿಲ್, ಮೇ ತಿಂಗಳಲ್ಲಿ ಬೆವರು, ಧೂಳು, ಸಂಜೆ ಇದ್ದಕ್ಕಿದ್ದಂತೆ ಎರಗುವ ಕಾಲಬೈಶಾಖಿಯ ಗಾಳಿ. ಆಗ ನೆತ್ತಿಯ ಶುಚಿಯೇ ಮೊದಲು. ಜೂನ್ ಎರಡನೇ ವಾರದ ಹೊತ್ತಿಗೆ ಮುಂಗಾರು ಬಂದರೆ ಗಾಳಿಯ ತೇವಾಂಶ ಶೇ 80 ದಾಟಿ ಸೆಪ್ಟೆಂಬರಿನವರೆಗೂ ಅಲ್ಲೇ ಇರುತ್ತದೆ. ಈ ತಿಂಗಳುಗಳಲ್ಲಿ ಗ್ಲಿಸರಿನ್ ಹೆಚ್ಚಿರುವ ಕ್ರೀಮುಗಳನ್ನು ದೂರವಿಡಿ. ಗ್ಲಿಸರಿನ್ ಗಾಳಿಯ ನೀರನ್ನು ಎಳೆದು ಕೂದಲಿಗೆ ಕೊಡುತ್ತದೆ, ಕೂದಲು ಉಬ್ಬುತ್ತದೆ. ಅಗಸೆ ಲೋಳೆಯನ್ನು ಸ್ವಲ್ಪ ಗಟ್ಟಿಯಾಗಿ ಹಚ್ಚುವ ಕಾಲವಿದು.

ಡಿಸೆಂಬರ್, ಜನವರಿಯಲ್ಲಿ ಬೀಸುವ ಒಣ ಗಾಳಿಗೆ ಅದೇ ಗ್ಲಿಸರಿನ್ ಕೂದಲ ತೇವವನ್ನೇ ಹೊರಗೆಳೆಯಬಲ್ಲದು. ಆಗ ಕಂಡೀಷನರ್ ಹೆಚ್ಚು, ತೊಳೆಯುವುದು ಕಡಿಮೆ, ತೊಳೆಯುವ ಮೊದಲು ಎಣ್ಣೆ ತಪ್ಪದೆ. ಮಳೆಗಾಲದ ಕ್ರಮವನ್ನು ಚಳಿಗಾಲಕ್ಕೂ ಎಳೆದುಕೊಂಡು ಹೋಗಿ ನಾನು ಮೊದಲೆರಡು ವರ್ಷ ತುದಿಗಳನ್ನು ಸೀಳಿಸಿಕೊಂಡೆ.

ರಾತ್ರಿ ಹತ್ತಿಯ ದಿಂಬು ಕೂದಲನ್ನು ಹಿಡಿದೆಳೆಯುತ್ತದೆ. ಹಳೆಯ ರೇಷ್ಮೆ ಸೀರೆಯ ಸೆರಗಿನಿಂದ ದಿಂಬಿನ ಚೀಲ ಹೊಲಿಸಿದರೆ ಕೂದಲು ಜಾರುತ್ತದೆ, ಬೆಳಗಿನ ಸಿಕ್ಕು ಕಡಿಮೆಯಾಗುತ್ತದೆ. ನನ್ನದು ಅಮ್ಮನ ಮೈಸೂರು ಸಿಲ್ಕ್. ಪಕ್ಕದ ಮನೆಯ ಬೌದಿಯದು, ಅಂದರೆ ಅತ್ತಿಗೆಯದು, ಮುರ್ಶಿದಾಬಾದ್ ರೇಷ್ಮೆ. ಬೆಳಿಗ್ಗೆ ಅಲೆ ಸೊರಗಿದ್ದರೆ ಕೈ ಒದ್ದೆ ಮಾಡಿಕೊಂಡು ಮೇಲಿಂದ ಸವರಿ ಅದುಮಿ. ಸಡಿಲ ಬೆಸುಗೆ ಬಿಚ್ಚಿ, ಒಣಗಿದಾಗ ಮತ್ತೆ ಕೂಡಲು ಅಷ್ಟು ನೀರು ಸಾಕು.

ನೇರ ಮಾಡಿಸುವ ಮುನ್ನ

ಮದುವೆಗೆ ಮುಂಚೆ ನಾನೂ ಒಂದು ಪಾರ್ಲರಿನಲ್ಲಿ ಕೂದಲು ನೇರ ಮಾಡಿಸಿಕೊಂಡೆ. ಮೂರು ಗಂಟೆ ಕಣ್ಣುರಿ, ಗಂಟಲುರಿ. ಆರು ತಿಂಗಳಿಗೆ ಬುಡದಿಂದ ಅಲೆ ಬೆಳೆಯಿತು, ನೇರವಾದ ತುದಿ ಮುರಿಯಿತು. ಹೊಗೆಯಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಇನ್ನೊಬ್ಬರಿಗೆ ಹಾಗಾಗದಿರಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಕೆಲವು ದ್ರಾವಣಗಳನ್ನು ಹಚ್ಚಿ ಬಿಸಿ ಇಸ್ತ್ರಿಯಿಟ್ಟಾಗ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತದೆ. ಅದು ಕ್ಯಾನ್ಸರ್‌ಕಾರಕವೆಂದು ಗುರುತಾದ ವಸ್ತು. ಅದರ ಬದಲಿಗೆ ಬಂದ ಗ್ಲಯಾಕ್ಸಿಲಿಕ್ ಆಮ್ಲದ ದ್ರಾವಣ ಬಳಸಿದ ಮೇಲೆ ಮೂತ್ರಪಿಂಡಕ್ಕೆ ಪೆಟ್ಟಾದ ಯುವತಿಯೊಬ್ಬಳ ಪ್ರಕರಣ 2024ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ವರದಿಯಾಯಿತು. ಅಮೆರಿಕದಲ್ಲಿ 33,497 ಮಹಿಳೆಯರನ್ನು ಗಮನಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು ಹೀಗಿದೆ: 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಕೂದಲು ನೇರ ಮಾಡುವ ರಾಸಾಯನಿಕ ಬಳಸದವರಲ್ಲಿ ಶೇ 1.64, ಪದೇಪದೇ ಬಳಸಿದವರಲ್ಲಿ ಶೇ 4.05. ಇದು ಸಂಬಂಧ ತೋರಿಸುತ್ತದೆಯೇ ಹೊರತು ರಾಸಾಯನಿಕವೇ ಕಾರಣವೆಂದು ಸಾಬೀತು ಮಾಡುವುದಿಲ್ಲ. ಆದರೂ ಬಾಟಲಿಯ ಮೇಲಿನ ಪಟ್ಟಿ ಓದುವ, ಪ್ರಶ್ನೆ ಕೇಳುವ ಹಕ್ಕು ನಿಮ್ಮದು.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನಾಣ್ಯದಗಲ ಬೋಳಾದರೆ, ನೆತ್ತಿ ಕೆಂಪಾಗಿ ಉರಿದರೆ, ಹೊಟ್ಟು ತಿಂಗಳಾದರೂ ಹೋಗದಿದ್ದರೆ ಮನೆಮದ್ದು ನಿಲ್ಲಿಸಿ ಚರ್ಮವೈದ್ಯರನ್ನು ಕಾಣಿ.

ಅಲೆ ಆಡುವ ಕೂದಲು

ಇದೇ ಊರು ಕೂದಲನ್ನು ಇನ್ನೊಂದು ಕಣ್ಣಿನಿಂದಲೂ ನೋಡುತ್ತದೆ. ಕಾಳಿಗೆ ಇಲ್ಲಿ ಎಲೋಕೇಶಿ ಎಂಬ ಹೆಸರಿದೆ, ಬಿಚ್ಚುಗೂದಲಿನವಳು. ದುರ್ಗಾಪೂಜೆ ಹತ್ತಿರವಾದಂತೆ ಕುಮಾರಟುಲಿಯ ಓಣಿಗಳಲ್ಲಿ ಮಣ್ಣಿನ ಮೂರ್ತಿಗಳಿಗೆ ಸೆಣಬಿನ ನಾರಿನ ಕೂದಲು ಕೂರಿಸುತ್ತಾರೆ. ಕಪ್ಪು ಬಣ್ಣದಲ್ಲಿ ಅದ್ದಿ ಒಣಗಿಸಿ ಗುಂಗುರು ಮಾಡಿದ ಆ ಕೂದಲನ್ನು ಹೌರಾ ಜಿಲ್ಲೆಯ ಮುಸ್ಲಿಂ ಕುಟುಂಬಗಳು ತಯಾರಿಸಿ ಕೊಡುತ್ತವೆ. ದೇವಿಯ ಹೆಗಲ ಮೇಲೆ ಅಲೆಯಲೆಯಾಗಿ ಇಳಿದ ಮುಡಿ ಕಂಡು ಕೈಮುಗಿಯುವ ನಾವು ಮನೆಗೆ ಬಂದು ಮಗಳ ಅಲೆಯನ್ನು ಬಾಚಿ ಬಾಚಿ ನೇರ ಮಾಡಲು ಹೊರಡುತ್ತೇವೆ.

ನನ್ನ ಮಗಳದೂ ನನ್ನದೇ ಕೂದಲು. ಒಂದು ಮಳೆಗಾಲದ ಬೆಳಿಗ್ಗೆ ಅವಳನ್ನು ಶಾಲೆಗೆ ಕಳಿಸುವ ಅವಸರದಲ್ಲಿ ಹಣಿಗೆ ಹಿಡಿದು ಎಳೆಯುತ್ತಿದ್ದಾಗ ಕೆಳಮನೆಯ ಮಾಶಿಮಾ (ಚಿಕ್ಕಮ್ಮ) ಮೆಟ್ಟಿಲಲ್ಲಿ ನಿಂತು ಹೇಳಿದರು, ಇದಕ್ಕೆ ನಮ್ಮಲ್ಲಿ ‘ಢೇವು ಖೇಲಾನೋ ಚುಲ್’ ಅನ್ನುತ್ತೇವೆ ಎಂದು. ಅಲೆ ಆಡುವ ಕೂದಲು. ಅಲೆಗಳಿಗೆ ಆಡಲು ಜಾಗ ಕೊಟ್ಟ ಕೂದಲು. ಬೈಗುಳವಲ್ಲದ ಹೆಸರೊಂದು ನಮ್ಮ ತಲೆಗೆ ಮೊದಲ ಬಾರಿ ಸಿಕ್ಕಿತ್ತು.

ಕಳೆದ ಜುಲೈಯಲ್ಲಿ ಧಾರವಾಡದಿಂದ ಅಮ್ಮ ಬಂದರು. ಚೀಲದಲ್ಲಿ ಜೋಳದ ಹಿಟ್ಟಿನ ಜತೆ ಒಂದು ಸೇರು ಅಗಸಿ ಇತ್ತು, ಚಟ್ನಿಗೆಂದು ತಂದದ್ದು. ಮೊಮ್ಮಗಳು ಅದರಲ್ಲಿ ಎರಡು ಚಮಚ ತೆಗೆದು ಒಲೆಯ ಮೇಲಿಟ್ಟದ್ದನ್ನು ಕಂಡು ಅವರಿಗೆ ಗಾಬರಿ. ಸೋಸುವುದನ್ನು ನೋಡಿದರು, ಹಚ್ಚುವುದನ್ನು ನೋಡಿದರು, ಗಮ್ಛಾ ತಾವೇ ಇಸಿದುಕೊಂಡು ಅವಳ ಹಿಂದೆ ಕೂತರು. ಮಳೆ ನಿಂತು ಕೂದಲು ಒಣಗಿದ ಮೇಲೆ ಆ ಅಲೆಯನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

“ನಿನ್ನ ಕೂದಲಾನೂ ಹಿಂಗs ಇತ್ತೇನವಾ? ನಾವು ಒಮ್ಮೆನೂ ಬಿಚ್ಚಿ ನೋಡಲೇ ಇಲ್ಲಲ್ಲ.”